ಅಲರ್ಜಿ ಅಂತ ಹೆಸರಿಟ್ಟ ಡಾಕ್ಟರ್

ಎಂ-ತ್ರೀ ಅಂದ್ರೆ ಅಲರ್ಜಿ. ಬೆಳಿಗ್ಗೆ ಎಂಟು ಗಂಟೆ ಕ್ಲಾಸ್ ಅಂದ್ರೆ ಅಲರ್ಜಿ. ಮೆಸ್ಸಿನ ಉಪ್ಪಿಟ್ಟು ಅಂದ್ರಂತೂ ಇಡೀ ಬ್ಲಾಕಿಗೇ ಅಲರ್ಜಿ. ನಮ್ಮ ಕ್ಯಾಂಪಸ್ಸಿನಲ್ಲಿ ಈ ಪದ ಕೇಳದೆ ಒಂದು ದಿನವೂ ಕಳೆಯಲ್ಲ. ಕನ್ನಡದಲ್ಲಿ ಮಾತಾಡುವಾಗಲೂ ಅದೇ, ಇಂಗ್ಲಿಷಿನಲ್ಲೂ ಅದೇ. ಆದರೆ ಈ ಪದವನ್ನು ಒಬ್ಬ ಮನುಷ್ಯ, ಒಂದು ನಿರ್ದಿಷ್ಟ ವರ್ಷದಲ್ಲಿ, ಕೂತು ಯೋಚಿಸಿ ಹುಟ್ಟಿಸಿದ ಅಂತ ನಮಗೆ ಮೊನ್ನೆ ಮೊನ್ನೆವರೆಗೂ ಗೊತ್ತಿರಲಿಲ್ಲ.

ಗೊತ್ತಾಗಿದ್ದು ನಮ್ಮ ರೂಮಿನ ಗೆಳೆಯನಿಂದ. ಅವನಿಗೆ ಮೊಣಕೈ ಮಡಚುವ ಜಾಗದಲ್ಲಿ ಚಿಕ್ಕಂದಿನಿಂದ ಇಸುಬು. ಬೆಳಿಗ್ಗೆ ಎದ್ದ ಕೂಡಲೇ ಹತ್ತು ಹನ್ನೆರಡು ಸೀನು. ಚಳಿಗಾಲ ಬಂದರೆ ಉಬ್ಬಸ, ಜೇಬಿನಲ್ಲಿ ಇನ್‌ಹೇಲರ್. ಮೊದಲ ಸೆಮಿಸ್ಟರಿನಲ್ಲಿ ನಾವು ಅವನನ್ನು ಸಿಕ್ಕಾಪಟ್ಟೆ ರೇಗಿಸಿದ್ದೇವೆ. ಕ್ರಿಕೆಟ್ಟಿಗೆ ಕರೆದರೆ ಒಂದು ದಿನ ಮೂಗು ಅಂತಾನೆ, ಇನ್ನೊಂದು ದಿನ ಉಸಿರು ಅಂತಾನೆ, ಮತ್ತೊಂದು ದಿನ ಚರ್ಮ ಅಂತಾನೆ; ಒಬ್ಬನಿಗೇ ಇಷ್ಟೊಂದು ಕಾಯಿಲೆ ಇರೋಕೆ ಸಾಧ್ಯವಾ, ಎಲ್ಲಾ ನೆಪ ಅಂತ ನಗಾಡಿದ್ದೇವೆ. ಇದು ನಮ್ಮ ತಪ್ಪು. ಅದನ್ನು ಒಪ್ಪಿಕೊಂಡೇ ಈ ಲೇಖನ ಶುರು ಮಾಡ್ತಿದ್ದೇವೆ. ಯಾಕೆಂದರೆ ಮಕ್ಕಳಲ್ಲಿ ಈ ಮೂರು ಕಾಯಿಲೆ ಒಟ್ಟೊಟ್ಟಿಗೇ ಬರುವುದು ನೆಪವೂ ಅಲ್ಲ, ಕಾಕತಾಳೀಯವೂ ಅಲ್ಲ. ಅದನ್ನು ಅರ್ಥ ಮಾಡಿಕೊಳ್ಳುವ ದಾರಿಯನ್ನು ತೆರೆದವರು ವಿಯೆನ್ನಾದ ಒಬ್ಬ ಮಕ್ಕಳ ಡಾಕ್ಟರ್. ಹೆಸರು ಕ್ಲೆಮೆನ್ಸ್ ಫಾನ್ ಪಿರ್ಕೆ.

ಪಾದ್ರಿ ಆಗಬೇಕಿದ್ದ ಹುಡುಗ

ಪಿರ್ಕೆ ಹುಟ್ಟಿದ್ದು 1874ರ ಮೇ 12ರಂದು, ವಿಯೆನ್ನಾ ಪಕ್ಕದ ಹಿರ್ಷ್‌ಸ್ಟೆಟನ್ ಅನ್ನುವ ಊರಿನಲ್ಲಿ. ಶ್ರೀಮಂತ ಜಮೀನ್ದಾರಿ ಮನೆತನ. ಅಪ್ಪ ರಾಜಕೀಯದಲ್ಲಿದ್ದವರು. ಅಮ್ಮ ಬ್ಯಾಂಕರ್‌ಗಳ ಕುಟುಂಬದಿಂದ ಬಂದವರು, ತುಂಬಾ ದೈವಭಕ್ತೆ. ಮಗ ಪಾದ್ರಿ ಆಗಲಿ ಅನ್ನುವುದು ಮನೆಯ ಆಸೆ. ಹುಡುಗನೂ ಒಪ್ಪಿ ಇನ್ಸ್‌ಬ್ರುಕ್‌ನಲ್ಲಿ ದೇವತಾಶಾಸ್ತ್ರ ಓದಿದ, ಆಮೇಲೆ ಬೆಲ್ಜಿಯಮ್ಮಿನ ಲೂವೇನ್‌ಗೆ ಹೋಗಿ ತತ್ತ್ವಶಾಸ್ತ್ರದಲ್ಲಿ ಪದವಿ ಪಡೆದ. ಅಷ್ಟು ಹೊತ್ತಿಗೆ ಇದು ತನ್ನ ದಾರಿ ಅಲ್ಲ ಅಂತ ಅನಿಸಿತು. ಇಪ್ಪತ್ತು ದಾಟಿದ ಮೇಲೆ ಮೊದಲಿನಿಂದ ಮೆಡಿಕಲ್ ಓದಲು ಕೂತ. 1900ರಲ್ಲಿ ಗ್ರಾಟ್ಸ್ ವಿಶ್ವವಿದ್ಯಾಲಯದಿಂದ ಡಾಕ್ಟರ್ ಆಗಿ ಹೊರಬಂದ. ಬ್ರಾಂಚ್ ಬದಲಾಯಿಸಬೇಕು ಅಂತ ಒದ್ದಾಡುವ ನಮ್ಮ ಜೂನಿಯರ್‌ಗಳಿಗೆ ಇಲ್ಲೊಂದು ಸಮಾಧಾನ ಇದೆ.

ಇನ್ನೊಂದು ವಿಷಯ ಎಂಜಿನಿಯರಿಂಗ್‌ನವರಿಗೆ ಖುಷಿ ಕೊಡುತ್ತೆ. ಇವರ ತಮ್ಮ ಗಿಡೋ ಫಾನ್ ಪಿರ್ಕೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಬಾಹ್ಯಾಕಾಶಕ್ಕೆ ಒಂದೇ ಒಂದು ರಾಕೆಟ್ಟೂ ಹೋಗಿರದ 1928ರ ಹೊತ್ತಿಗೇ ಶುಕ್ರಗ್ರಹಕ್ಕೆ ಹೋಗುವ ದಾರಿಯನ್ನು ಕಾಗದದ ಮೇಲೆ ಲೆಕ್ಕ ಹಾಕಿದವರು. ಅಣ್ಣ ಮಕ್ಕಳ ಮೈಯ ಲೆಕ್ಕ ಹಿಡಿದರು, ತಮ್ಮ ಗ್ರಹಗಳದ್ದು.

ಕುದುರೆಯ ಸೀರಮ್ಮು

ಡಾಕ್ಟರ್ ಆದ ಮೇಲೆ ಪಿರ್ಕೆ ವಿಯೆನ್ನಾಗೆ ಬಂದು ಮಕ್ಕಳ ಆಸ್ಪತ್ರೆ ಸೇರಿದರು. ಅಲ್ಲಿ ಮುಖ್ಯಸ್ಥರು ಥಿಯೊಡೋರ್ ಎಷರಿಷ್. ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾದ ಹೆಸರಿನಲ್ಲಿರುವ ಇ ಇವರದ್ದೇ.

ಆಗ ಮಕ್ಕಳನ್ನು ಕೊಲ್ಲುತ್ತಿದ್ದ ದೊಡ್ಡ ಕಾಯಿಲೆ ಗಂಟಲಮಾರಿ, ಅಂದರೆ ಡಿಫ್ತೀರಿಯಾ. ಅದಕ್ಕೆ 1890ರ ದಶಕದಲ್ಲಿ ಒಂದು ಔಷಧಿ ಬಂದಿತ್ತು. ಕುದುರೆಗೆ ರೋಗದ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಚುಚ್ಚಿ, ಅದರ ರಕ್ತದ ಸೀರಮ್ ತೆಗೆದು ಮಗುವಿಗೆ ಕೊಡುವುದು. ಸಾಯುವ ಮಕ್ಕಳು ಬದುಕತೊಡಗಿದರು. ಆದರೆ ಕೆಲವರಿಗೆ, ಸೀರಮ್ ಕೊಟ್ಟು ಒಂದು ವಾರದಿಂದ ಹನ್ನೆರಡು ದಿನ ಆದ ಮೇಲೆ, ಜ್ವರ, ಮೈತುಂಬಾ ದದ್ದು, ಕೀಲುನೋವು, ಗಂಟುಗಳ ಊತ ಬರುತ್ತಿತ್ತು. ಔಷಧಿಯೇ ಹೊಸ ಕಾಯಿಲೆ ತಂದಂತೆ.

ಪಿರ್ಕೆ ಮತ್ತು ಅವರ ಹಂಗೇರಿಯ ಸಹೋದ್ಯೋಗಿ ಬೇಲಾ ಷಿಕ್ ಇಬ್ಬರೂ ಮಂಚದ ಪಕ್ಕ ನಿಂತು ದಿನ ಎಣಿಸಿದರು. ನಿಜವಾಗಿ ಅವರು ಮಾಡಿದ್ದು ಅಷ್ಟೇ: ಯಾವ ಮಗುವಿಗೆ ಯಾವತ್ತು ಸೀರಮ್ ಕೊಟ್ಟರು, ದದ್ದು ಯಾವತ್ತು ಬಂತು ಅಂತ ಬರೆದಿಡುವುದು. ಆ ಲೆಕ್ಕದಲ್ಲಿ ಒಂದು ವಿಚಿತ್ರ ಕಂಡಿತು. ಹಿಂದೆ ಒಮ್ಮೆ ಸೀರಮ್ ತಗೊಂಡಿದ್ದ ಮಗುವಿಗೆ ಎರಡನೇ ಸಲ ಕೊಟ್ಟರೆ ಹತ್ತು ದಿನ ಕಾಯಲ್ಲ. ಅದೇ ದಿನವೋ, ಕೆಲವೇ ದಿನಗಳಲ್ಲೋ ದದ್ದು ಎದ್ದುಬಿಡುತ್ತೆ. ಸೀರಮ್ ಅದೇ, ಮಗು ಅದೇ. ಆದರೆ ಉತ್ತರ ಬೇರೆ.

ಹಾಗಾದರೆ ಬದಲಾಗಿದ್ದು ಏನು? ಮಗುವಿನ ಮೈ. ಮೊದಲ ಭೇಟಿಯನ್ನು ಅದು ನೆನಪಿಟ್ಟುಕೊಂಡಿದೆ. ಆ ಹತ್ತು ದಿನ ಅನ್ನುವುದು ಮೈ ತನ್ನ ಆಂಟಿಬಾಡಿಗಳನ್ನು ತಯಾರಿಸಲು ತಗೊಳ್ಳುವ ಸಮಯ. ಕಾಯಿಲೆ ಅಂತ ನಾವು ಕರೆಯುವುದು ಹೊರಗಿನ ವಸ್ತುವೂ ಈ ಆಂಟಿಬಾಡಿಯೂ ಸೇರಿದಾಗ ಆಗುವ ಗಲಾಟೆ. ಇದು ಪಿರ್ಕೆಯವರ ತರ್ಕ. ಅಲ್ಲಿಯವರೆಗೆ ಎಲ್ಲರೂ ಆಂಟಿಬಾಡಿ ಅಂದರೆ ಕಾಪಾಡುವುದು ಅಂತ ಮಾತ್ರ ನಂಬಿದ್ದರು. ಕಾಪಾಡುವ ಸೈನ್ಯವೇ ಮನೆ ಸುಡಬಹುದು ಅನ್ನುವುದು ಯಾರಿಗೂ ರುಚಿಸದ ಮಾತು. ಒಬ್ಬ ಜೂನಿಯರ್ ಡಾಕ್ಟರ್ ಹೇಳಿದರೆ ಯಾರು ಕೇಳ್ತಾರೆ? ಅದಕ್ಕೇ ಪಿರ್ಕೆ 1903ರಲ್ಲಿ ತಮ್ಮ ವಿಚಾರವನ್ನು ಬರೆದು, ಲಕೋಟೆಗೆ ಹಾಕಿ, ಸೀಲ್ ಮಾಡಿ ವಿಯೆನ್ನಾದ ವಿಜ್ಞಾನ ಅಕಾಡೆಮಿಯಲ್ಲಿ ಇಟ್ಟರು. ಮೊದಲು ಹೊಳೆದದ್ದು ತನಗೆ ಅನ್ನುವುದಕ್ಕೆ ಸಾಕ್ಷಿ ಇರಲಿ ಅಂತ. 1905ರಲ್ಲಿ ಇಬ್ಬರೂ ಸೇರಿ ಸೀರಮ್ ಕಾಯಿಲೆ ಬಗ್ಗೆ ಪುಸ್ತಕ ಪ್ರಕಟಿಸಿದರು.

ಒಂದು ಪದ ಹುಟ್ಟಿತು

1906ರಲ್ಲಿ ಮ್ಯೂನಿಕ್‌ನ ಒಂದು ವೈದ್ಯಕೀಯ ವಾರಪತ್ರಿಕೆಯಲ್ಲಿ ಪಿರ್ಕೆ ಒಂದು ಪುಟ್ಟ ಲೇಖನ ಬರೆದರು. ಅದರಲ್ಲಿ ಎರಡು ಗ್ರೀಕ್ ಪದ ಸೇರಿಸಿ ಒಂದು ಹೊಸ ಪದ ಮಾಡಿದರು. ಆಲೋಸ್ ಅಂದರೆ ಬೇರೆ, ಎರ್ಗಾನ್ ಅಂದರೆ ಕೆಲಸ. ಬೇರೆ ರೀತಿ ಕೆಲಸ ಮಾಡುವುದು, ಅದೇ ಅಲರ್ಜಿ. ಅದನ್ನು ಉಂಟುಮಾಡುವ ವಸ್ತುವಿಗೆ ಅಲರ್ಜೆನ್ ಅಂತ ಹೆಸರಿಟ್ಟವರೂ ಇವರೇ.

ಇಲ್ಲಿ ಒಂದು ಸೂಕ್ಷ್ಮ ಇದೆ. ಪಿರ್ಕೆ ಅರ್ಥದಲ್ಲಿ ಅಲರ್ಜಿ ಅಂದರೆ ಕೆಟ್ಟದ್ದು ಅಂತಲ್ಲ. ಹಿಂದಿನ ಭೇಟಿಯಿಂದಾಗಿ ಮೈಯ ಪ್ರತಿಕ್ರಿಯೆ ಬದಲಾಗುವುದು, ಅಷ್ಟೇ. ಲಸಿಕೆ ಹಾಕಿಸಿಕೊಂಡವನು ಸಿಡುಬಿಗೆ ಬಗ್ಗದಿರುವುದೂ ಬದಲಾವಣೆಯೇ, ಪರಾಗಕ್ಕೆ ಸೀನುವುದೂ ಬದಲಾವಣೆಯೇ. ಡಿಜಿಟಲ್ ಎಲೆಕ್ಟ್ರಾನಿಕ್ಸ್ ಓದಿದವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಕಾಂಬಿನೇಷನಲ್ ಸರ್ಕ್ಯೂಟಿನಲ್ಲಿ ಇನ್‌ಪುಟ್ ಗೊತ್ತಿದ್ದರೆ ಔಟ್‌ಪುಟ್ ಗೊತ್ತು. ಸೀಕ್ವೆನ್ಷಿಯಲ್‌ನಲ್ಲಿ ಹಾಗಲ್ಲ, ಹಿಂದಿನ ಸ್ಟೇಟ್ ಏನಿತ್ತು ಅಂತಲೂ ಗೊತ್ತಿರಬೇಕು. ಫ್ಲಿಪ್-ಫ್ಲಾಪ್‌ಗೆ ನೆನಪಿದೆ. ಮನುಷ್ಯನ ಮೈ ಕೂಡ ನೆನಪಿರುವ ಸರ್ಕ್ಯೂಟ್ ಅಂತ ಪಿರ್ಕೆ ಹೇಳಿದ ಹಾಗಾಯಿತು.

ಆ ಪುಟ್ಟ ಲೇಖನದ ದೊಡ್ಡ ಕೆಲಸ ಏನಂದರೆ ಬೇರೆ ಬೇರೆ ಡಬ್ಬಿಯಲ್ಲಿದ್ದವನ್ನು ಒಂದೇ ಡಬ್ಬಿಗೆ ಹಾಕಿದ್ದು. ಸೀರಮ್ ಕೊಟ್ಟ ಮಗುವಿನ ದದ್ದು, ಜೇನುನೊಣ ಮತ್ತು ಸೊಳ್ಳೆ ಕಡಿತದ ಊತ, ಹುಲ್ಲಿನ ಪರಾಗದಿಂದ ಬರುವ ಸೀನು, ಏಡಿಯೋ ಸ್ಟ್ರಾಬೆರಿಯೋ ತಿಂದರೆ ಏಳುವ ಪಿತ್ತಗಂಧೆ, ಎಲ್ಲವೂ ಒಂದೇ ಬಗೆಯ ಕತೆ ಇರಬಹುದು ಅಂತ ಅವರು ನೋಡಿದರು. ಮೂಗಿನ ಡಾಕ್ಟರ್ ಬೇರೆ, ಚರ್ಮದ ಡಾಕ್ಟರ್ ಬೇರೆ ಅಂತ ಇರುವಾಗ ಹೀಗೆ ಜೋಡಿಸಿ ನೋಡುವುದು ಸಣ್ಣ ವಿಷಯ ಅಲ್ಲ. ಶುರುವಿನಲ್ಲಿ ಈ ಪದ ಬೇಕೇ ಇಲ್ಲ ಅಂತ ಹಲವರು ಮೂಗು ಮುರಿದರು. ಫ್ರಾನ್ಸಿನ ಷಾರ್ಲ್ ರಿಷೆ ಆಗಲೇ 1902ರಲ್ಲಿ ಅನಾಫಿಲ್ಯಾಕ್ಸಿಸ್ ಅನ್ನುವ ಪದ ತಂದಿದ್ದರು, 1913ರ ನೊಬೆಲ್ ಅವರಿಗೆ ಸಿಕ್ಕಿತು. ಪಿರ್ಕೆ ಹೆಸರು ಕೂಡ ನೊಬೆಲ್‌ಗೆ ಸೂಚಿತವಾಗಿತ್ತು, ಬಹುಮಾನ ಮಾತ್ರ ಬರಲಿಲ್ಲ. ಆದರೆ ಮೆಸ್ಸಿನ ಉಪ್ಪಿಟ್ಟಿನವರೆಗೂ ಬಂದು ತಲುಪಿದ್ದು ಇವರ ಪದ.

ಮುಂಗೈ ಮೇಲೆ ಕೆರೆತ

1907ರಲ್ಲಿ ಪಿರ್ಕೆ ಇದೇ ವಿಚಾರವನ್ನು ಕ್ಷಯಕ್ಕೆ ಅನ್ವಯಿಸಿದರು. ರಾಬರ್ಟ್ ಕಾಕ್ 1890ರಲ್ಲಿ ಟ್ಯುಬರ್ಕ್ಯುಲಿನ್ ಅನ್ನುವುದನ್ನು ಕ್ಷಯಕ್ಕೆ ಔಷಧಿ ಅಂತ ತಂದು ಸೋತಿದ್ದರು. ಔಷಧಿಯಾಗಿ ಸೋತದ್ದು ಪರೀಕ್ಷೆಯಾಗಿ ಗೆಲ್ಲಬಹುದು ಅಂತ ಪಿರ್ಕೆಗೆ ಹೊಳೆಯಿತು. ಮಗುವಿನ ಮುಂಗೈ ಮೇಲೆ ಎರಡು ಹನಿ ಟ್ಯುಬರ್ಕ್ಯುಲಿನ್ ಇಟ್ಟು ಹನಿಯ ಕೆಳಗೆ ಚರ್ಮವನ್ನು ಸ್ವಲ್ಪವೇ ಕೆರೆಯುವುದು. ಎರಡರ ಮಧ್ಯೆ ಹನಿ ಇಲ್ಲದೆ ಬರೀ ಕೆರೆತ, ಅದು ಕಂಟ್ರೋಲ್. ಒಂದೆರಡು ದಿನ ಬಿಟ್ಟು ನೋಡಿದಾಗ ಹನಿಯ ಜಾಗ ಮಾತ್ರ ಕೆಂಪಗೆ ಉಬ್ಬಿದ್ದರೆ ಆ ಮೈಗೆ ಕ್ಷಯದ ಕ್ರಿಮಿ ಹಿಂದೆ ಪರಿಚಯ ಆಗಿದೆ ಅಂತ ಅರ್ಥ. ಆರೋಗ್ಯವಾಗಿ ಓಡಾಡುತ್ತಿದ್ದ ಎಷ್ಟೋ ಮಕ್ಕಳ ಮೈಯಲ್ಲಿ ಕ್ಷಯ ಸದ್ದಿಲ್ಲದೆ ಕೂತಿರುವುದು ಹೀಗೆ ಕಂಡಿತು. ಇದನ್ನೇ ಸುಧಾರಿಸಿ ಫ್ರಾನ್ಸಿನ ಷಾರ್ಲ್ ಮಾಂಟೂ ಚರ್ಮದೊಳಗೆ ಸೂಜಿಯಲ್ಲಿ ಕೊಡುವ ಪರೀಕ್ಷೆ ಮಾಡಿದರು. ಮಾಂಟೂ ಟೆಸ್ಟ್ ಅಂತ ನಮ್ಮೂರಿನ ಆಸ್ಪತ್ರೆಗಳಲ್ಲಿ ಇವತ್ತಿಗೂ ಮಾಡುತ್ತಾರೆ.

ಈ ಕೆಲಸದಿಂದ ಪಿರ್ಕೆ ಜಗತ್ತಿಗೇ ಗೊತ್ತಾದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಕರೆದು ಮಕ್ಕಳ ವೈದ್ಯಶಾಸ್ತ್ರದ ಪ್ರೊಫೆಸರ್ ಮಾಡಿತು. ಅಲ್ಲಿ ಬಹಳ ದಿನ ಇರಲಿಲ್ಲ. 1910ರಲ್ಲಿ ಬ್ರೆಸ್ಲೌಗೆ, 1911ರಲ್ಲಿ ಎಷರಿಷ್ ತೀರಿಕೊಂಡ ಮೇಲೆ ಅವರ ಜಾಗಕ್ಕೆ ವಿಯೆನ್ನಾಗೆ ವಾಪಸ್.

ಹಸಿದ ವಿಯೆನ್ನಾ

ಮೊದಲ ಮಹಾಯುದ್ಧ ಮುಗಿದಾಗ ವಿಯೆನ್ನಾದಲ್ಲಿ ಊಟ ಇರಲಿಲ್ಲ. ಅಮೆರಿಕದಿಂದ ಹರ್ಬರ್ಟ್ ಹೂವರ್ ನೇತೃತ್ವದ ಪರಿಹಾರ ಸಂಸ್ಥೆ ಆಹಾರ ಕಳಿಸಿತು. ಲಕ್ಷಾಂತರ ಮಕ್ಕಳು, ಆದರೆ ಬಂದ ಆಹಾರ ಎಲ್ಲರಿಗೂ ಸಾಲದು. ಯಾರಿಗೆ ಮೊದಲು ಕೊಡಬೇಕು? ಕಣ್ಣಂದಾಜಿಗೆ ಬಿಟ್ಟರೆ ವಶೀಲಿ ಇದ್ದವರ ಮಕ್ಕಳೇ ಮುಂದೆ ನಿಲ್ಲುತ್ತಾರೆ. ಪಿರ್ಕೆ ಇದನ್ನು ಅಳತೆಯ ಪ್ರಶ್ನೆ ಮಾಡಿದರು.

ಮಗುವಿನ ತೂಕವನ್ನು ಗ್ರಾಮಿನಲ್ಲಿ ತಗೊಳ್ಳಿ, ಹತ್ತರಿಂದ ಗುಣಿಸಿ, ಘನಮೂಲ ತೆಗೆಯಿರಿ. ಅದನ್ನು ಕುಳಿತಾಗಿನ ಎತ್ತರದಿಂದ ಸೆಂಟಿಮೀಟರಿನಲ್ಲಿ ಭಾಗಿಸಿ, ನೂರರಿಂದ ಗುಣಿಸಿ. ಬರುವ ಸಂಖ್ಯೆಗೆ ಪೆಲಿಡಿಸಿ ಅಂತ ಹೆಸರು. ನಾವು ರೂಮಿನಲ್ಲಿ ಲೆಕ್ಕ ಹಾಕಿ ನೋಡಿದೆವು: 70 ಕಿಲೋ ತೂಕ, ಕುಳಿತ ಎತ್ತರ 90 ಸೆಂ.ಮೀ. ಇದ್ದರೆ ಸುಮಾರು 98.7 ಬರುತ್ತೆ. ತುಂಬಿಕೊಂಡಿರುವ ದೊಡ್ಡವರಿಗೆ ನೂರರ ಹತ್ತಿರ, ಒಣಗಿದ ಮಗುವಿಗೆ ಅದಕ್ಕಿಂತ ಸಾಕಷ್ಟು ಕಡಿಮೆ. ಇವತ್ತಿನ ಬಿಎಂಐ ತರಹದ್ದೇ ಐಡಿಯಾ. ಊಟವನ್ನು ಅಳೆಯಲು ನೆಮ್ ಅನ್ನುವ ಯೂನಿಟ್ ಮಾಡಿದರು: ಒಂದು ಗ್ರಾಮ್ ಹಾಲಿನಷ್ಟು ಪೋಷಣೆ ಅಂದರೆ ಒಂದು ನೆಮ್. ರಕ್ತ, ಕೊಬ್ಬು, ನೀರು, ಸ್ನಾಯು ನಾಲ್ಕರ ಸ್ಥಿತಿಯನ್ನು ಸ್ವರಾಕ್ಷರ ಬದಲಿಸಿ ಒಂದೇ ಪದದಲ್ಲಿ ಹೇಳುವ ಸಾಕ್ರಾತಾಮಾ ಅನ್ನುವ ಕೋಡ್ ಕೂಡ ಮಾಡಿದ್ದರು! ಇವು ಯಾವುವೂ ಕಾಲ ದಾಟಿ ಉಳಿಯಲಿಲ್ಲ. ಆದರೆ ಆ ವರ್ಷಗಳಲ್ಲಿ ಆ ಲೆಕ್ಕದಿಂದ ತಟ್ಟೆಗೆ ಊಟ ಬಿದ್ದಿದ್ದು ನಿಜ.

ಕೊನೆ

ಪಿರ್ಕೆ ಹೆಂಡತಿ ಮರಿಯಾ. ಮದುವೆಗೆ ಮನೆಯವರ ಒಪ್ಪಿಗೆ ಇರಲಿಲ್ಲ. ಮರಿಯಾ ಆರೋಗ್ಯ ವರ್ಷಗಟ್ಟಲೆ ಕೆಟ್ಟಿತ್ತು, ಮನಸ್ಸಿನದ್ದೂ ಸೇರಿ. ಹೊರಗೆ ಪಿರ್ಕೆಗೆ ಹೆಸರು ಎಷ್ಟಿತ್ತೆಂದರೆ 1928ರಲ್ಲಿ ಆಸ್ಟ್ರಿಯಾದ ಅಧ್ಯಕ್ಷ ಸ್ಥಾನಕ್ಕೂ ಅವರ ಹೆಸರು ಕೇಳಿಬಂತು. 1929ರ ಫೆಬ್ರವರಿ 28ರಂದು ಗಂಡ ಹೆಂಡತಿ ಇಬ್ಬರೂ ತಮ್ಮ ಜೀವ ತಾವೇ ತೆಗೆದುಕೊಂಡರು. ಪಿರ್ಕೆಗೆ ಆಗ 54 ವರ್ಷ.

ಇದನ್ನು ಬರೆಯಬೇಕಾ ಬೇಡವಾ ಅಂತ ನಮ್ಮೊಳಗೆ ಚರ್ಚೆ ಆಯ್ತು. ಬಿಟ್ಟರೆ ಸುಳ್ಳಾಗುತ್ತೆ ಅಂತ ಬರೆದಿದ್ದೇವೆ. ಊರಿನ ಮಕ್ಕಳ ಮೈ ಅಳೆದ ಮನುಷ್ಯನ ಮನೆಯ ಸಂಕಟ ಯಾವ ಅಳತೆಗೂ ಸಿಗಲಿಲ್ಲ. ಅವತ್ತು ಇಲ್ಲದ ಸಹಾಯ ಇವತ್ತು ಇದೆ. ಯಾರಿಗಾದರೂ ತಡೆಯೋಕೆ ಆಗ್ತಿಲ್ಲ ಅನಿಸಿದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಪಕ್ಕದ ರೂಮಿನ ಬಾಗಿಲು ತಟ್ಟಿದರೂ ಆಯ್ತು.

ಅವರು ಬಿಟ್ಟ ಜಾಗದಿಂದ

ಪಿರ್ಕೆಗೆ ಉತ್ತರ ಸಿಗದ ಒಂದು ಪ್ರಶ್ನೆ ಇತ್ತು. ಒಂದೇ ಹುಲ್ಲುಗಾವಲಿನಲ್ಲಿ ನಿಂತ ಹತ್ತು ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಯಾಕೆ ಸೀನು? ಅವನಿಗೇ ಯಾಕೆ ಇಸುಬು, ಅವನಿಗೇ ಯಾಕೆ ಉಬ್ಬಸ?

1921ರಲ್ಲಿ ಬ್ರೆಸ್ಲೌನಲ್ಲಿ ಕಾರ್ಲ್ ಪ್ರೌಸ್ನಿಟ್ಸ್ ಮತ್ತು ಹೈಂಜ್ ಕ್ಯುಸ್ಟ್ನರ್ ಒಂದು ಪ್ರಯೋಗ ಮಾಡಿದರು. ಕ್ಯುಸ್ಟ್ನರ್‌ಗೆ ಮೀನು ಆಗುತ್ತಿರಲಿಲ್ಲ. ಅವರ ರಕ್ತದ ಸೀರಮ್ಮನ್ನು ಪ್ರೌಸ್ನಿಟ್ಸ್ ತಮ್ಮ ಚರ್ಮಕ್ಕೆ ಚುಚ್ಚಿಕೊಂಡು, ಮಾರನೇ ದಿನ ಅದೇ ಜಾಗಕ್ಕೆ ಮೀನಿನ ರಸ ಚುಚ್ಚಿಕೊಂಡರು. ಜಾಗ ಊದಿಕೊಂಡಿತು. ಅಂದರೆ ಅಲರ್ಜಿ ರಕ್ತದಲ್ಲಿರುವ ಯಾವುದೋ ವಸ್ತುವಿನಲ್ಲಿದೆ. 1923ರಲ್ಲಿ ಅಮೆರಿಕದ ಕೋಕಾ ಮತ್ತು ಕುಕ್, ಮನೆತನದಲ್ಲಿ ಹರಿದು ಬರುವ ಈ ಸ್ವಭಾವಕ್ಕೆ ಅಟೊಪಿ ಅಂತ ಹೆಸರಿಟ್ಟರು. ಆ ವಸ್ತು ಐಜಿಇ ಅನ್ನುವ ಆಂಟಿಬಾಡಿ ಅಂತ ಗೊತ್ತಾಗಲು 1966-67ರವರೆಗೆ ಕಾಯಬೇಕಾಯಿತು. ಅಮೆರಿಕದಲ್ಲಿ ಇಷಿಜಾಕಾ ದಂಪತಿ, ಸ್ವೀಡನ್ನಿನಲ್ಲಿ ಯೊಹಾನ್ಸನ್ ಮತ್ತು ಬೆನ್ನಿಚ್ ಬೇರೆ ಬೇರೆಯಾಗಿ ಕಂಡುಹಿಡಿದರು.

ಆಮೇಲೆ ಜೀನ್‌ಗಳ ಸರದಿ. 2006ರಲ್ಲಿ ಫಿಲಾಗ್ರಿನ್ ಅನ್ನುವ ಜೀನ್ ಕತೆ ಹೊರಬಂತು. ಚರ್ಮದ ಹೊರಪದರವನ್ನು ಗಟ್ಟಿಯಾಗಿಡುವ ಪ್ರೋಟೀನ್ ಅದು. ಜೀನಿನಲ್ಲಿ ದೋಷ ಇದ್ದರೆ ಚರ್ಮ ಒಣಗಿ, ಗಾರೆ ಬಿಟ್ಟ ಗೋಡೆ ಥರ ಸೋರುತ್ತೆ. ಧೂಳು, ಪರಾಗ, ಊಟದ ಕಣ ಎಲ್ಲ ಆ ಬಿರುಕಿನಿಂದ ಒಳಗೆ ಹೋಗಿ ಮೈಗೆ ಮೊದಲ ಪರಿಚಯ ಅಲ್ಲೇ ಆಗಿಬಿಡುತ್ತೆ. ಪಿರ್ಕೆ ಭಾಷೆಯಲ್ಲಿ ಹೇಳುವುದಾದರೆ ಸ್ಟೇಟ್ ಬದಲಾಯಿತು. ಮುಂದೆ ಅದೇ ವಸ್ತು ಮೂಗಿಗೋ ಶ್ವಾಸನಾಳಕ್ಕೋ ಬಂದಾಗ ಗಲಾಟೆ. ಹಾಗಾಗಿ ಎಷ್ಟೋ ಮಕ್ಕಳಲ್ಲಿ ಮೊದಲು ಇಸುಬು, ನಂತರ ಕೆಲವರಿಗೆ ಆಹಾರದ ಅಲರ್ಜಿ, ಆಮೇಲೆ ಉಬ್ಬಸ, ಮೂಗು ಅಂತ ಸಾಲಾಗಿ ಬರುತ್ತೆ. 2017ರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಜನರ ಡಿಎನ್‌ಎ ನೋಡಿದ ಅಧ್ಯಯನ, ಇಸುಬು, ಉಬ್ಬಸ, ಪರಾಗದ ಸೀನು ಮೂರಕ್ಕೂ ಸಂಬಂಧಿಸಿದ 136 ಜೆನೆಟಿಕ್ ವ್ಯತ್ಯಾಸಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ ಬಹುಪಾಲು ಮೂರೂ ಕಾಯಿಲೆಗೆ ಹಂಚಿಕೊಂಡಂಥವು.

ಹಾಗಂತ ಎಲ್ಲಾ ಜೀನ್ ಕೈಯಲ್ಲಿಲ್ಲ. ಬೆಂಗಳೂರಿನ ಒಂದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕದಲ್ಲಿ 1979ರಲ್ಲಿ ಅಸ್ತಮಾ 9% ಇದ್ದದ್ದು 1999ಕ್ಕೆ 29.5% ಆಗಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕ, ಇಡೀ ಊರಿನದಲ್ಲ; ಆದರೂ ಇಪ್ಪತ್ತು ವರ್ಷದಲ್ಲಿ ಬೆಂಗಳೂರಿನವರ ಜೀನ್ ಬದಲಾಗಿರೋಕೆ ಸಾಧ್ಯವಿಲ್ಲ ಅಲ್ವಾ? ಬದಲಾಗಿದ್ದು ಗಾಳಿ, ಹೊಗೆ, ಮನೆ, ಬದುಕು. ಎರಡೂ ಸೇರಬೇಕು. 2015ರಲ್ಲಿ ಲಂಡನ್ನಿನ ಇನ್ನೊಂದು ಅಧ್ಯಯನ ಇನ್ನೂ ಆಶ್ಚರ್ಯದ್ದು. ಇಸುಬು ಜೋರಾಗಿರುವ ಅಥವಾ ಮೊಟ್ಟೆ ಆಗದ 640 ಕೂಸುಗಳಲ್ಲಿ ಅರ್ಧದಷ್ಟಕ್ಕೆ ಚಿಕ್ಕಂದಿನಿಂದಲೇ ಕಡಲೆಕಾಯಿ ತಿನ್ನಿಸಿದರು, ಉಳಿದವರಿಗೆ ಪೂರ್ತಿ ಬಿಡಿಸಿದರು. ಐದನೇ ವರ್ಷಕ್ಕೆ ಕಡಲೆಕಾಯಿ ಅಲರ್ಜಿ ಬಂದದ್ದು ಹೆಚ್ಚಾಗಿ ಬಿಡಿಸಿದ ಗುಂಪಿನಲ್ಲಿ. ಚರ್ಮದ ಬಿರುಕಿನಿಂದ ಬಂದರೆ ಶತ್ರು, ಬಾಯಿಂದ ಬಂದರೆ ನೆಂಟ. ಇದನ್ನು ಮನೆಯಲ್ಲಿ ನೀವೇ ಪ್ರಯೋಗ ಮಾಡಲು ಹೋಗಬೇಡಿ, ಡಾಕ್ಟರ್ ಹೇಳಿದ ಮೇಲೆಯೇ.

ನಮ್ಮ ರೂಮಿಗೆ ವಾಪಸ್

ಇದನ್ನೆಲ್ಲ ಓದಿದ ಮೇಲೆ ಗೆಳೆಯ ಒಂದು ವಿಷಯ ಹೇಳಿದ. ಬಸುರಿಯಲ್ಲಿ ಅಮ್ಮ ಸಿಕ್ಕಿದ್ದೆಲ್ಲ ತಿಂದಿದ್ದಕ್ಕೇ ಮಗನಿಗೆ ಹೀಗಾಯಿತು ಅಂತ ಅವರ ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅಮ್ಮನ ಮೇಲೆ ಮಾತು. ಅಮ್ಮನೂ ಅದನ್ನು ನಂಬಿಬಿಟ್ಟಿದ್ದಾರೆ. ಬಸುರಿಯಲ್ಲಿ ಊಟ ಬಿಡುವುದರಿಂದ ಮಗುವಿನ ಅಲರ್ಜಿ ತಪ್ಪುತ್ತೆ ಅನ್ನುವುದಕ್ಕೆ ಆಧಾರ ಇಲ್ಲ, ಹಾಗೆ ಬಿಡಿ ಅಂತ ಇವತ್ತಿನ ಡಾಕ್ಟರುಗಳು ಹೇಳುವುದೂ ಇಲ್ಲ. ಜೀನ್ ಅಪ್ಪನ ಕಡೆಯಿಂದಲೂ ಬರಬಹುದು, ಅಮ್ಮನ ಕಡೆಯಿಂದಲೂ. ಯಾರೂ ಆರಿಸಿ ಕೊಡುವುದಿಲ್ಲ. ಅವನ ಅಜ್ಜನಿಗೂ ಉಬ್ಬಸ ಇತ್ತಂತೆ, ಅಪ್ಪನ ಅಪ್ಪ. ಅದನ್ನು ಯಾರೂ ಲೆಕ್ಕಕ್ಕೇ ತಗೊಂಡಿರಲಿಲ್ಲ. ಆ ರಾತ್ರಿ ಅವನು ಕಾರಿಡಾರಿನಲ್ಲಿ ನಿಂತು ಅಮ್ಮನಿಗೆ ಫೋನ್ ಮಾಡಿದ. ಬಹಳ ಹೊತ್ತು ಮಾತಾಡಿದ. ಏನು ಅಂತ ನಾವು ಕೇಳಲಿಲ್ಲ.

ಈಗ ವರ್ಕ್‌ಶಾಪ್ ಹಿಂದಿನ ಕಾಂಗ್ರೆಸ್ ಗಿಡ, ಅದೇ ಪಾರ್ಥೇನಿಯಂ, ಹೂ ಬಿಡುವ ಮುಂಚೆ ಕೀಳಲು ನಾವು ಶನಿವಾರ ಹೊರಟಿದ್ದೇವೆ. ಅದರ ಪರಾಗ ಮೂಗಿಗೂ, ಎಲೆ ಚರ್ಮಕ್ಕೂ ತೊಂದರೆ ಕೊಡುವುದು ಕರ್ನಾಟಕದವರಿಗೆ ಹೊಸ ವಿಷಯ ಅಲ್ಲ. ಕೈಗವಸು, ಮಾಸ್ಕ್ ತನ್ನಿ. ಗೆಳೆಯನಿಗೆ ಮಾತ್ರ ಬರಬೇಡ ಅಂದಿದ್ದೇವೆ. ಈ ಸಲ ಅದನ್ನು ಯಾರೂ ನೆಪ ಅಂತ ಕರೆಯಲ್ಲ.